ಚರ್ಚೆಗೆ ತೆರೆ ಎಳೆಯುವವರು ಯಾರು?

ಸದನದಲ್ಲಿ ಮಾತು ತಾನಾಗಿ ಮುಗಿಯದಿದ್ದರೆ ಅದನ್ನು ಮುಗಿಸುವವರು ಯಾರು? ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ಗೆ ಈ ಪ್ರಶ್ನೆ ಎದುರಾದದ್ದು 1881ರಲ್ಲಿ. ಐರ್ಲೆಂಡಿನ ಮೇಲಿನ ದಮನಕಾರಿ ಮಸೂದೆಯನ್ನು ತಡೆಯಲು ಪಾರ್ನೆಲ್ ಬಣದ ಐರಿಷ್ ಸದಸ್ಯರು ಸರದಿಯಂತೆ ಮಾತನಾಡುತ್ತಲೇ ಹೋದರು. ಜನವರಿ 31ರಂದು ಆರಂಭವಾದ ಕಲಾಪ 41 ಗಂಟೆ ನಡೆಯಿತು. ಫೆಬ್ರುವರಿ 2ರ ಬೆಳಿಗ್ಗೆ ಸ್ಪೀಕರ್ ಹೆನ್ರಿ ಬ್ರ್ಯಾಂಡ್, ನಿಯಮದ ಆಸರೆಯಿಲ್ಲದೆ, ಸ್ವಂತ ಹೊಣೆಯ ಮೇಲೆ ಚರ್ಚೆ ನಿಲ್ಲಿಸಿದರು. ನಿಯಮ ರೂಪುಗೊಂಡದ್ದು ಮರುವರ್ಷ!

ಇಂಥ ಅಧಿಕಾರ ನಮ್ಮ ಲೋಕಸಭೆಯಲ್ಲೂ ಇದೆ. 362ನೇ ನಿಯಮದಂತೆ ಯಾವುದೇ ಸದಸ್ಯರು, ವಿಷಯವನ್ನು ಈಗಲೇ ಮತಕ್ಕೆ ಹಾಕಬೇಕೆಂದು ಸೂಚನೆ ಮಂಡಿಸಬಹುದು. ಅದು ನಿಯಮದ ದುರುಪಯೋಗ ಅಥವಾ ಸಮಂಜಸ ಚರ್ಚೆಯ ಹಕ್ಕಿಗೆ ಚ್ಯುತಿ ಎಂದು ತೋರಿದರೆ ಸ್ಪೀಕರ್ ನಿರಾಕರಿಸಬಹುದು. ಅಲ್ಪಸಂಖ್ಯೆಯಲ್ಲಿರುವ ಪ್ರತಿಪಕ್ಷಕ್ಕೆ ಇರುವ ರಕ್ಷಣೆ ಇದೇ.

ಇದಕ್ಕಿಂತ ಬಿರುಸಾದದ್ದು 'ಗಿಲೋಟಿನ್'. ಅನುದಾನ ಬೇಡಿಕೆಗಳಿಗೆ ಮೀಸಲಾದ ಕೊನೆಯ ದಿನ, ನಿಗದಿತ ವೇಳೆಗೆ, ಚರ್ಚೆಯಾಗದೆ ಉಳಿದವನ್ನೆಲ್ಲ ಮತಕ್ಕೆ ಹಾಕಲಾಗುತ್ತದೆ. ಕಾಲಹರಣದಿಂದ ಸರ್ಕಾರದ ವೆಚ್ಚಕ್ಕೆ ತಡೆ ಬೀಳಬಾರದೆಂಬುದು ಇದರ ಉದ್ದೇಶ. ಆದರೆ 2018ರ ಮಾರ್ಚ್ 14ರಂದು ಗದ್ದಲದ ನಡುವೆ ಬೇಡಿಕೆಗಳೆಲ್ಲವೂ ಚರ್ಚೆಯಿಲ್ಲದೆ ಅಂಗೀಕಾರವಾದವು. ಹಣಕಾಸು ಮಸೂದೆಯೂ ಅಂದೇ, ಹಾಗೆಯೇ ಅಂಗೀಕಾರಗೊಂಡಿತು.