ಮೊಬೈಲ್‌ನಲ್ಲಿ ಚಿನ್ನದ ಸರ ಬುಕ್ ಮಾಡೋ ಮುಂಚೆ ಈ ಲೆಕ್ಕ ಹಾಕಿ

ತಿಪಟೂರು: ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂದ್ರೆ ಮಗಳ ಮದುವೆಗೆ ಅಂತ ಒಂದು ಸರ ಮಾಡಿಸಿಡೋದು ಈ ಕಡೆ ಹಳೇ ರೂಢಿ. ಮೊದಲೆಲ್ಲ ಪೇಟೆಯ ಗೊತ್ತಿರೋ ಅಂಗಡಿಗೇ ಹೋಗ್ತಿದ್ರು. ಈಗ ಮಕ್ಕಳು ಮೊಬೈಲ್ ಮುಂದೆ ಹಿಡಿದು, 'ಅಪ್ಪಾ, ಇಲ್ಲಿ ಶೇ. 50 ಡಿಸ್ಕೌಂಟ್ ಇದೆ' ಅಂತಾರೆ.

ಆ ಡಿಸ್ಕೌಂಟ್ ಚಿನ್ನದ ಮೇಲಲ್ಲ, ಮಜೂರಿ ಮೇಲೆ. ಗ್ರಾಂಗೆ 10,000 ರೂ. ಅಂತ ಇಟ್ಕೊಳ್ಳಿ. 20 ಗ್ರಾಂ ಸರಕ್ಕೆ ಚಿನ್ನದ ಬೆಲೆಯೇ 2 ಲಕ್ಷ. ಶೇ. 18 ಮಜೂರಿ ಅಂದ್ರೆ 36,000, ಮೇಲೆ ಶೇ. 3 ಜಿಎಸ್‌ಟಿ ಸೇರಿ 2,43,080 ರೂ. ಮಜೂರಿ ಅರ್ಧ ಬಿಟ್ಟರೆ ಉಳಿಯೋದು 18,540 ರೂ. ಅದೇನೂ ಸಣ್ಣ ದುಡ್ಡಲ್ಲ. ಆದ್ರೆ ಊರಿನ ಅಂಗಡಿಯವರು ಮೊದಲೇ ಶೇ. 8 ಮಜೂರಿ ಹೇಳಿದ್ರೆ ಅಲ್ಲೇ 2,22,480ಕ್ಕೆ ಸರ ಸಿಗುತ್ತೆ. ಚಿನ್ನದ ಬೆಲೆಯಲ್ಲೇ ಅರ್ಧ ಬಿಡ್ತೀವಿ ಅನ್ನೋ ಜಾಹೀರಾತು ಬಂದ್ರೆ ಅದನ್ನ ಒತ್ತೋಕೇ ಹೋಗ್ಬೇಡಿ. ಹೆಸರಾಂತ ಅಂಗಡಿಯ ಫೋಟೊ ಹಾಕ್ಕೊಂಡು ನಕಲಿ ಪುಟ ಮಾಡೋರೂ ಇದ್ದಾರೆ.

ಕಲ್ಲಿನ ಒಡವೆಯಾದ್ರೆ ತೂಕದಲ್ಲೇ ಆಟ. ಒಟ್ಟು 20 ಗ್ರಾಂ ಅಂತ ಬರೆದಿದ್ದು, ಅದರಲ್ಲಿ ಕಲ್ಲೇ 2 ಗ್ರಾಂ ಇದ್ರೆ ಚಿನ್ನದ ರೇಟ್ ಕೊಡಬೇಕಾದ್ದು 18 ಗ್ರಾಂಗೆ ಮಾತ್ರ. ನಾಳೆ ಕಷ್ಟ ಅಂತ ಬ್ಯಾಂಕಲ್ಲಿ ಅಡ ಇಟ್ಟರೂ ಕಲ್ಲಿಗೆ ಸಾಲ ಸಿಗಲ್ಲ.

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಲೇಬೇಕು. 22 ಕ್ಯಾರೆಟ್‌ಗೆ 916, 18ಕ್ಕೆ 750 ಅಂತ ಮುದ್ರೆ ಇರುತ್ತೆ. ಪಾರ್ಸೆಲ್ ಬಂದ ದಿನವೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ. ಕೈಯಲ್ಲಿರೋದು ಸರ, ಆ್ಯಪ್ ತೋರಿಸೋದು ಉಂಗುರ ಅಂದ್ರೆ ಏನೋ ಮೋಸ ಇದೆ ಅಂತಲೇ ಅರ್ಥ. ಅನುಮಾನ ಇದ್ರೆ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು. ಶುದ್ಧತೆ ಕಡಿಮೆ ಬಂದ್ರೆ, ಆ ಕೊರತೆಯ ಬೆಲೆಯ ಎರಡರಷ್ಟು ಪರಿಹಾರ ಮತ್ತು ಪರೀಕ್ಷೆಯ ಖರ್ಚನ್ನ ಮಾರಿದವರೇ ಕೊಡಬೇಕು.

ಜನ ಮರೆಯೋದು ಮುಂದಿನ ಮಾತು. ನಾಲ್ಕು ವರ್ಷ ಬಿಟ್ಟು ಸರದ ಕೊಂಡಿ ಕಿತ್ತರೆ ಯಾರ ಹತ್ರ ಹೋಗ್ತೀರಿ? ಬದಲಾಯಿಸಬೇಕು ಅಂದ್ರೆ ಆ ಕಂಪನಿಯ ಮಳಿಗೆ ಎಷ್ಟು ದೂರ? ಬೇರೆಯವರ ಒಡವೆ ಅಂದ್ರೆ ಊರಿನ ಅಂಗಡಿಯವರು ಒಂದಿಷ್ಟು ಮುರಿದುಕೊಳ್ಳೋದು ಇದ್ದದ್ದೇ. ಹಾಗಂತ ಅವರದ್ದೂ ಎಲ್ಲ ಸರಿ ಅಂತಲ್ಲ. ಬಿಳಿ ಚೀಟಿಯಲ್ಲಿ ಮೊತ್ತ ಗೀಚಿ ಕೊಡೋ ಅಭ್ಯಾಸ ಬಿಟ್ಟು ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಎಲ್ಲ ಬಿಡಿಬಿಡಿಯಾಗಿ ಬರೆದ ಬಿಲ್ ಕೊಟ್ಟರೆ ಗಿರಾಕಿ ಮೊಬೈಲ್ ಕಡೆ ಯಾಕೆ ನೋಡ್ತಾನೆ?

ಆನ್‌ಲೈನ್‌ನಲ್ಲೇ ತಗೊಳ್ಳೋದಾದ್ರೆ ವಾಪಸ್ ಮಾಡೋ ಗಡುವು, ಮರುಖರೀದಿ ನಿಯಮ, ದೂರು ಅಧಿಕಾರಿಯ ಹೆಸರು ಮೊದಲೇ ಓದಿಕೊಳ್ಳಿ. 2 ಲಕ್ಷ ದಾಟಿದ್ರೆ ಪ್ಯಾನ್ ಕೇಳ್ತಾರೆ, ಅಂಗಡಿಯಲ್ಲೂ ಅಷ್ಟೇ. ಡಬ್ಬಿ ಬಿಚ್ಚೋದನ್ನ ಸೀಲ್ ಕಾಣೋ ಹಾಗೆ ವಿಡಿಯೊ ಮಾಡಿ. ಪೊಟ್ಟಣ ಹರಿದಿದ್ರೆ ತಗೊಳ್ಳಲೇಬೇಡಿ, ಒಟಿಪಿನೂ ಹೇಳ್ಬೇಡಿ.

ದುಡ್ಡು ಹೋಗಿ ಮಾಲು ಬರದೇ ಇದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮಾಲಲ್ಲಿ ದೋಷ ಇದ್ರೆ 1915. ಕಂಪನಿ ಮುಂಬೈಯಲ್ಲಿದ್ರೂ ಕೇಸ್ ಹಾಕೋಕೆ ಅಲ್ಲಿಗೆ ಹೋಗ್ಬೇಕಿಲ್ಲ. ತಾಲ್ಲೂಕಿನವರು ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ರೆ ಅದಕ್ಕೆ ಶುಲ್ಕವೂ ಇಲ್ಲ.