ಬಿಸಿಲಿನ ಲೇಪವೂ ಅದರ ಅಳತೆಯೂ

ಮುಂಬಯಿಯಿಂದ ಹೊರಟ ಗಾಡಿಯು ಬೋರಘಾಟವನ್ನೇರಿ ಲೋಣಾವಳಾ ತಲುಪುವಷ್ಟರಲ್ಲಿ ಸೆಕೆ ಕಳೆದಿರುತ್ತದೆ. ಆದರೆ ಹವೆಯ ತಂಪಿಗೂ ಅತಿನೇರಳೆ ಕಿರಣಗಳಿಗೂ ಸಂಬಂಧವಿಲ್ಲ. ಸಮುದ್ರಮಟ್ಟದಿಂದ ಸುಮಾರು 620 ಮೀಟರು ಎತ್ತರದ ಈ ಊರಿನಲ್ಲಿ ಅವು ಕರಾವಳಿಗಿಂತ ತುಸು ಹೆಚ್ಚೇ. ಮೇ ತಿಂಗಳ ನಡುವೆ ಒಮ್ಮೆ, ಜುಲೈ ಕೊನೆಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಎರಡನೆಯ ಸಲ ಮಳೆಗಾಲದ ಮೋಡವು ಅವನನ್ನು ಮರೆಸುವುದುಂಟು. ಆದರೆ ತೆಳುಮೋಡವನ್ನು ಈ ಕಿರಣಗಳು ಬಹುಮಟ್ಟಿಗೆ ತೂರಿ ಬರುತ್ತವೆ. ಭುಶಿ ಕಟ್ಟೆಗೆ ವಿಹಾರಕ್ಕೆಂದು ಬರುವವರ ಕೈಚೀಲದಲ್ಲಿ ಈಗ ಬಿಸಿಲು ತಡೆಯುವ ಲೇಪವೊಂದಿರುತ್ತದೆ. ಅದರ ಮೇಲೆ 30 ಎಂದೋ 50 ಎಂದೋ ಅಚ್ಚಾಗಿರುತ್ತದೆ. ಈ ಅಂಕೆಯು ಯಾವುದರ ಅಳತೆ?

ಚರ್ಮ ಕೆಂಪೇರುವುದರ ಅಳತೆ. ಸ್ವಯಂಸೇವಕರ ಬೆನ್ನಿನ ಒಂದು ಭಾಗಕ್ಕೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪವನ್ನು ಹಚ್ಚಿ, ಪಕ್ಕದ ಭಾಗವನ್ನು ಬರಿದಾಗಿ ಬಿಟ್ಟು, ಎರಡರ ಮೇಲೂ ಕ್ಸೆನಾನ್ ದೀಪದ ಕಿರಣಗಳನ್ನು ಹೆಚ್ಚುತ್ತ ಹೋಗುವ ಪ್ರಮಾಣಗಳಲ್ಲಿ ಬೀರುತ್ತಾರೆ. ಮರುದಿನ ನೋಡಿದಾಗ ಕೆಂಪು ಮೂಡಿಸಿದ ಅತ್ಯಲ್ಪ ಪ್ರಮಾಣ ಎರಡೂ ಕಡೆ ಎಷ್ಟೆಂಬುದು ತಿಳಿಯುತ್ತದೆ. ಲೇಪವಿದ್ದಲ್ಲಿ 30 ಪಟ್ಟು ಬೇಕಾಯಿತಾದರೆ ರಕ್ಷಣಾಂಕ 30. ಕನಿಷ್ಠ ಹತ್ತು ಜನರ ಸರಾಸರಿಯೇ ಡಬ್ಬಿಯ ಅಂಕೆಗೆ ಆಧಾರ. ಜರ್ಮನಿಯ ರುಡಾಲ್ಫ್ ಶುಲ್ಜೆ 1956ರಲ್ಲಿ ಸೂಚಿಸಿದ್ದ ಈ ಕ್ರಮಕ್ಕೆ ಇಂದಿನ ಹೆಸರನ್ನು 1974ರಲ್ಲಿ ರೂಢಿಗೆ ತಂದವನು ಆಸ್ಟ್ರಿಯಾದ ಫ್ರಾಂಟ್ಸ್ ಗ್ರೈಟರ್. 30ರ ಲೇಪವು ಕೆಂಪೇರಿಸುವ ಕಿರಣಗಳಲ್ಲಿ ನೂರಕ್ಕೆ ಸುಮಾರು 97ನ್ನು ತಡೆದರೆ, 50ರದು 98ನ್ನು ತಡೆಯುತ್ತದೆ. ಬೆಲೆಯ ಅಂತರ ಮಾತ್ರ ಇಷ್ಟು ಸಣ್ಣದಲ್ಲ.

ಕೆಂಪು ಸ್ಪಷ್ಟವಾಗಿ ಕಾಣಬೇಕಾದರೆ ಚರ್ಮ ಬೆಳ್ಳಗಿರಬೇಕಷ್ಟೆ. ಆದ್ದರಿಂದ ಅಂತರರಾಷ್ಟ್ರೀಯ ಮಾನಕವು ಈ ಪರೀಕ್ಷೆಗೆ ತಿಳಿಬಣ್ಣದ ಚರ್ಮದವರನ್ನೇ ಆರಿಸುತ್ತದೆ. ಗೋಧಿಬಣ್ಣದ, ಕಂದುಬಣ್ಣದ ನಮ್ಮ ಜನರಿಗೆ ಬಿಸಿಲು ತರುವ ಮುಖ್ಯ ತೊಂದರೆ ಕೆಂಪಲ್ಲ, ಕಪ್ಪುಕಲೆ ಮತ್ತು ಬಂಗು. ಇವನ್ನು ಹೆಚ್ಚಿಸುವುದರಲ್ಲಿ 320ರಿಂದ 400 ನ್ಯಾನೋಮೀಟರಿನ ದೀರ್ಘ ಅಲೆಗಳ ಪಾಲು ದೊಡ್ಡದು. ಕಣ್ಣಿಗೆ ಕಾಣುವ ನೀಲಿಬೆಳಕಿನದೂ ಇದೆ. ಕೆಂಪೇರಿಸುವುದರಲ್ಲಿ ದೀರ್ಘ ಅಲೆಗಳ ಶಕ್ತಿ ತೀರ ಕಡಮೆ. ಹೀಗಾಗಿ 50 ಎಂಬ ಅಂಕೆ ಸತ್ಯವಾಗಿದ್ದೂ ಬಂಗಿನ ವಿಷಯದಲ್ಲಿ ಹೆಚ್ಚೇನೂ ಹೇಳದಿರಬಹುದು. ಈ ಕೊರತೆಯನ್ನು ಕಂಡೇ ಜಪಾನಿನವರು 1996ರಲ್ಲಿ ಚರ್ಮ ಕಪ್ಪಾಗುವುದನ್ನು ಅಳೆಯುವ ಬೇರೊಂದು ಕ್ರಮವನ್ನು ತಂದರು. ಡಬ್ಬಿಯ ಮೇಲೆ 'ಪಿಎ' ಎಂಬುದರ ಮುಂದೆ ಕಾಣುವ ಕೂಡಿಸುವ ಚಿಹ್ನೆಗಳು ಅದರವು. ಕೊಳ್ಳುವವರು ಅಂಕೆಯನ್ನು ಓದಿ ಇವನ್ನು ಬಿಡುವುದೇ ಹೆಚ್ಚು.

ಮನುಷ್ಯರ ಬೆನ್ನು ಸುಡದೆ, ಒರಟುಮಾಡಿದ ಪ್ಲಾಸ್ಟಿಕ್ ಫಲಕಗಳ ಮೇಲೆ ಲೇಪ ಸವರಿ, ತೂರಿಬಂದ ಕಿರಣಗಳನ್ನು ಯಂತ್ರದಿಂದ ಅಳೆದು ರಕ್ಷಣಾಂಕವನ್ನು ನಿರ್ಣಯಿಸುವ ಅಂತರರಾಷ್ಟ್ರೀಯ ಮಾನಕವು 2024ರಲ್ಲಿ ಪ್ರಕಟವಾಯಿತು.

ಯಾವ ಕ್ರಮದಿಂದ ಅಳೆದರೂ ಬಳಕೆಯ ಮಾತು ಬೇರೆ. ಪರೀಕ್ಷೆಯ ದಪ್ಪಕ್ಕೆ ಹಚ್ಚಬೇಕಾದರೆ ಮುಖ ಮತ್ತು ಕತ್ತಿಗೇ ಒಂದು ಗ್ರಾಂ ಮೀರಿ ಬೇಕು. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧ ಅಥವಾ ಇನ್ನೂ ಕಡಮೆ. ಆಗ 50 ಎಂದು ಬರೆದಿದ್ದರೂ ಮೈಮೇಲೆ ಆ 50 ಇರುವುದಿಲ್ಲ. ಕಟ್ಟೆಯ ನೀರಿನಲ್ಲಿ ನೆನೆದು, ಮೈಯನ್ನು ಒರೆಸಿಕೊಂಡ ಮೇಲೆ ಉಳಿಯುವುದು ಇನ್ನೂ ಸ್ವಲ್ಪ.