ಉದ್ದ ಪದ ಕಲಿತರೆ ಇಂಗ್ಲಿಷ್ ಬರುತ್ತದೆಯೇ?

2018ರಲ್ಲಿ ಶಶಿ ತರೂರ್ ತಮ್ಮ ಹೊಸ ಪುಸ್ತಕದ ಸುದ್ದಿ ಹೇಳುತ್ತ ಟ್ವಿಟರ್‌ನಲ್ಲಿ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂದು ಬರೆದದ್ದೇ ತಡ, ಜನ ನಿಘಂಟು ಹುಡುಕತೊಡಗಿದರು. ಯಾವುದನ್ನೋ ಕವಡೆ ಕಿಮ್ಮತ್ತಿಲ್ಲದ್ದೆಂದು ತಳ್ಳಿಹಾಕುವುದಕ್ಕೆ 29 ಅಕ್ಷರಗಳ ಹೆಸರು ಅದು. ಇಂಥವನ್ನು ದಿನಕ್ಕೊಂದರಂತೆ ಬಾಯಿಪಾಠ ಮಾಡಿದರೆ ಪದಸಂಪತ್ತು ಬೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮೋಜಿಗೆ ಕಲಿಯುವವರ ಬಗ್ಗೆ ನನ್ನ ತಕರಾರಿಲ್ಲ. ಭಾಷೆ ಬರಲೆಂದು ಕಲಿಯುವವರು ಮಾತ್ರ ಬೇಡದ ಕಡೆ ಬೆವರು ಸುರಿಸುತ್ತಿದ್ದಾರೆ.

ಢಾಕಾದಲ್ಲಿ ಶಿಕ್ಷಕರ ತರಬೇತಿಯ ಕೆಲಸ ಮಾಡಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2,000 ಪದಗಳ ಪಟ್ಟಿ ಪ್ರಕಟಿಸಿದರು. ಸಾಮಾನ್ಯ ಬರಹದ ನೂರು ಪದಗಳಲ್ಲಿ ಹೆಚ್ಚುಕಡಿಮೆ 80 ಈ ಪಟ್ಟಿಯವೇ. ಅಷ್ಟೇ ಸಾಲದು, ನಿಜ. ಕಾದಂಬರಿ, ಪತ್ರಿಕೆಗಳನ್ನು ತಡವರಿಸದೆ ಓದಲು ಎಂಟೊಂಬತ್ತು ಸಾವಿರ ಮೂಲಪದಗಳು, ಅವುಗಳ ರೂಪಗಳ ಸಮೇತ, ಬೇಕೆಂದು ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಶನ್ 2006ರಲ್ಲಿ ಲೆಕ್ಕ ಹಾಕಿದರು. ತರೂರರ ಪದಕ್ಕೆ ಅದರಲ್ಲೂ ಜಾಗವಿಲ್ಲ.

‘ಸಣ್ಣ ಪದಗಳು ಗೊತ್ತೇ ಇವೆ’ ಎಂಬುದು ಇನ್ನೂ ದೊಡ್ಡ ಭ್ರಮೆ. ‘ಸೆಟ್’ ಎಂಬ ಪುಟ್ಟ ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿ ಕೊಟ್ಟ ಅರ್ಥಗಳು ನಾನೂರಕ್ಕೂ ಹೆಚ್ಚು. ‘ಸೆಟ್ ಆಫ್’ ಎಂದರೆ ಪ್ರಯಾಣ ಹೊರಡುವುದೂ ಹೌದು, ಪಟಾಕಿ ಸಿಡಿಸುವುದೂ ಹೌದು. ಮಳೆಗಾಲ ಹಿಡಿದುಕೊಂಡರೆ ‘ಸೆಟ್ ಇನ್’. ಪದವಿ ಮುಗಿಸಿದವರೂ ಎಡವುವುದು ಇಲ್ಲೇ.

‘ಲ್ಯಾಟಿನ್ ಬೇರು ತಿಳಿದರೆ ಅರ್ಥ ತಾನಾಗಿ ಹೊಳೆಯುತ್ತದೆ’ ಎನ್ನುವುದು ಅರ್ಧ ನಿಜ. ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’ 1949ರಿಂದಲೂ ಈ ದಾರಿಯಲ್ಲೇ ಓದುಗರನ್ನು ಕರೆದೊಯ್ಯುತ್ತಿದೆ. ಆದರೆ ಪೆಟ್ರೋಲ್ ಟ್ಯಾಂಕರ್ ಹಿಂದೆ ಬರೆದಿರುವ ‘ಇನ್‌ಫ್ಲೇಮೆಬಲ್’ ನೋಡಿ. ‘ಇನ್’ ಬಂದರೆ ‘ಅಲ್ಲ’ ಎಂದು ಕಲಿತವರು ಅದನ್ನು ಬೆಂಕಿ ತಗಲದ್ದು ಎಂದು ಓದಿಕೊಂಡಾರು! ಅದು ಥಟ್ಟನೆ ಹೊತ್ತಿಕೊಳ್ಳುವಂಥದ್ದು. ಇಲ್ಲಿನ ‘ಇನ್’ ನಿಷೇಧದ್ದಲ್ಲ, ಬೆಂಕಿ ಹಚ್ಚು ಎಂಬರ್ಥದ ಲ್ಯಾಟಿನ್ ಕ್ರಿಯಾಪದದೊಳಗಿನದು. ಈ ಗೊಂದಲಕ್ಕೆ ಹೆದರಿಯೇ ಅಮೆರಿಕದವರು ‘ಫ್ಲೇಮೆಬಲ್’ ಎಂದಷ್ಟೇ ಬರೆಸತೊಡಗಿದರು.

ನಿಘಂಟಿನಲ್ಲಿದ್ದ ಮಾತ್ರಕ್ಕೆ ಪದ ಜೀವಂತ ಎಂದೂ ಅಲ್ಲ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ಸಾಂದ್ರತೆ ಎಂಬರ್ಥ ಹೊತ್ತು ಕೂತಿದ್ದ ‘ಡಾರ್ಡ್’ ಪದವೇ ಆಗಿರಲಿಲ್ಲ. ‘ಡೆನ್ಸಿಟಿ’ಯ ಸಂಕ್ಷೇಪ ದೊಡ್ಡ ಡಿ ‘ಆರ್’ (ಅಥವಾ) ಸಣ್ಣ ಡಿ ಎಂದು ಬರೆದಿದ್ದ ಚೀಟಿಯನ್ನು ಕೂಡಿಸಿ ಓದಿದ್ದರಿಂದ ಅದು ಹುಟ್ಟಿತು; ಸಂಪಾದಕರ ಕಣ್ಣಿಗೆ ಬಿದ್ದದ್ದು 1939ರಲ್ಲಿ.

‘ಪರೀಕ್ಷೆಗಾದರೂ ಬೇಕಲ್ಲ’ ಎನ್ನುವವರಿಗೆ: ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆ 2011ರಲ್ಲೇ ಬರೀ ವಿರುದ್ಧಪದ ಕೇಳುವುದನ್ನು ಬಿಟ್ಟಿದೆ, ಈಗ ವಾಕ್ಯದ ಓಟ ನೋಡಿ ಪದ ಆರಿಸಬೇಕು. ಹಳೆಯ ಪದಪಟ್ಟಿಗಳು ಮಾತ್ರ ಇನ್ನೂ ಮಾರಾಟವಾಗುತ್ತಲೇ ಇವೆ.